ಕಳಿಸಿದ ಮೇಲ್ ಮುಟ್ಟೋದೇ ಇಲ್ಲ, ಕೇಳಿದರೆ ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತಾರೆ

ಅಪ್ಪೆಮಿಡಿ, ಶಿರಸಿ

ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾಲ್ಕು ರೂಮು, ಒಂದು ಜಗುಲಿ, ಸುತ್ತ ತೋಟ. ಹೋಂಸ್ಟೇ ಹೆಸರಲ್ಲೇ ಡೊಮೇನ್ (ಸ್ವಂತ ವೆಬ್ ಹೆಸರು) ತಗೊಂಡು ಮೂರು ವರ್ಷ ಆಯ್ತು. ವೆಬ್‌ಸೈಟು, ಮೇಲು ಎರಡೂ ಒಂದೇ ಕಂಪನಿಯಲ್ಲಿ.

ಕಳೆದ ತಿಂಗಳು ಕಾರವಾರದವರೊಬ್ಬರು ಒಂಬತ್ತು ಜನಕ್ಕೆ ಎರಡು ರಾತ್ರಿ ರೂಮು ಕೇಳಿ ಬರೆದಿದ್ದರು. ಅದೇ ಸಂಜೆ ಉತ್ತರ ಬರೆದೆ. ಮರುದಿನ ಇನ್ನೊಂದು. ಅದರ ಮರುದಿನ ರೇಟು, ಊಟದ ಮೆನು ಎಲ್ಲ ಹಾಕಿ ಮತ್ತೊಂದು. ಸುದ್ದಿಯೇ ಇಲ್ಲ. ಆರನೇ ದಿನ ಅವರೇ ಫೋನ್ ಮಾಡಿದರು. “ಜಾಗ ಇಲ್ಲದಿದ್ದರೆ ಇಲ್ಲ ಅಂತ ಒಂದು ಸಾಲು ಬರೀಬಹುದಿತ್ತಲ್ವಾ ಅಕ್ಕಾ?” ಅಂದರು. ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಅವರು ಬೇರೆ ಕಡೆ ಬುಕ್ ಮಾಡಿಯಾಗಿತ್ತು.

ಮೇಲ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ಎದುರಿನವರದ್ದೇ ತೊಂದರೆ’. ಎದುರಿನವರ ಇಂಟರ್‌ನೆಟ್ ಕಂಪನಿಗೆ ಅವರ ಮಗ ಕೇಳಿದರೆ ‘ಕಳಿಸಿದವರದ್ದೇ ತೊಂದರೆ’. ಹಾಗಾದರೆ ನನ್ನ ಮೂರು ಮೇಲ್ ಎಲ್ಲಿ ಹೋಯ್ತು? ಯಾರಿಗಾದರೂ ಹೀಗೆ ಆಗಿದೆಯಾ?

ಕೊಳೆಔಷಧಿ, ಸಿದ್ದಾಪುರ

ವಾಟ್ಸಾಪ್ ಮಾಡಿ. ಮುಗೀತು.

ಅಪ್ಪೆಮಿಡಿ, ಶಿರಸಿ

ಮಾಡ್ತೇನೆ ಅಣ್ಣ. ಆದರೆ ಬೆಂಗಳೂರಿನ ಆಫೀಸುಗಳಿಂದ ಗುಂಪು ಬರುವಾಗ ಬಿಲ್ಲು, ಜಿಎಸ್‌ಟಿ ನಂಬರು, ಒಪ್ಪಿಗೆ ಪತ್ರ ಎಲ್ಲ ಮೇಲ್‌ನಲ್ಲೇ ಬೇಕು ಅಂತಾರೆ. ಹೊರದೇಶದವರಂತೂ ಮೇಲ್ ಬಿಟ್ಟು ಬೇರೆ ಮಾತೇ ಇಲ್ಲ.

ಹಳೇಮೋಡೆಮ್, ಕುಮಟಾ

ಮೇಡಂ, ‘ಹೋಗಲಿಲ್ಲ’ ಅನ್ನೋದರಲ್ಲಿ ಎರಡು ಜಾತಿ ಇದೆ. ಒಂದು, ವಾಪಸ್ ಬಂದದ್ದು. ಇನ್ನೊಂದು, ವಾಪಸ್ಸೂ ಬರದೆ ಮಾಯ ಆದದ್ದು. ಯಾವುದಾದರೂ ಮೇಲ್ ವಾಪಸ್ ಬಂದಿದೆಯಾ? ಬಂದಿದ್ದರೆ ಅದರಲ್ಲಿ ಮೂರು ಅಂಕಿಯ ಒಂದು ಸಂಖ್ಯೆ ಇರುತ್ತದೆ. 4ರಿಂದ ಶುರುವಾದರೆ ‘ಈಗ ಆಗೋಲ್ಲ, ಆಮೇಲೆ ಬಾ’ ಅಂತ. 5ರಿಂದ ಶುರುವಾದರೆ ‘ಬರಲೇಬೇಡ’ ಅಂತ. ಅದನ್ನು ನೋಡಿ ಹೇಳಿ.

ಅಪ್ಪೆಮಿಡಿ, ಶಿರಸಿ

ಈಗ ನೋಡಿದೆ. ಬೇರೆ ಇಬ್ಬರಿಗೆ ಕಳಿಸಿದ್ದು ವಾಪಸ್ ಬಂದಿದೆ. 550 ಅಂತಿದೆ. ‘ನಿಮ್ಮ ಸರ್ವರಿನ ಐಪಿ ವಿಳಾಸ ಕಪ್ಪುಪಟ್ಟಿಯಲ್ಲಿದೆ’ ಅನ್ನೋ ಅರ್ಥದ ಸಾಲು ಇದೆ. ಕಾರವಾರದವರದ್ದು ಮಾತ್ರ ವಾಪಸ್ಸೂ ಇಲ್ಲ, ಏನೂ ಇಲ್ಲ.

ನಾನು ಇಡೀ ದಿನ ಕಳಿಸಿದರೆ ಹತ್ತು ಮೇಲ್. ನನ್ನನ್ನು ಯಾಕೆ ಕಪ್ಪುಪಟ್ಟಿಗೆ ಹಾಕಿದರು?

ತಾರ್ಲೆ, ಕಾರವಾರ

ನಿಮ್ಮನ್ನಲ್ಲ ಅಕ್ಕಾ. ನೀವಿರೋದು ಹಂಚಿಕೊಂಡ ಸರ್ವರ್, ಅಂದರೆ ಹಲವರ ಮೇಲು, ವೆಬ್‌ಸೈಟು ನಡೆಸೋ ಒಂದೇ ಕಂಪ್ಯೂಟರ್. ಐಪಿ ವಿಳಾಸ ಅಂದರೆ ಇಂಟರ್‌ನೆಟ್‌ನಲ್ಲಿ ಅದರ ನಂಬರು, ಒಂದೇ ನಂಬರಿನ ಹಿಂದೆ ನೂರಾರು ವೆಬ್‌ಸೈಟು ಇರ್ತವೆ. ಅದರಲ್ಲಿ ಯಾವನದೋ ಒಂದು ಹಳೇ ವರ್ಡ್‌ಪ್ರೆಸ್ ವೆಬ್‌ಸೈಟು ಹ್ಯಾಕ್ ಆಗಿ ರಾತ್ರಿಯೆಲ್ಲ ಸಾವಿರಾರು ಕಸದ ಮೇಲ್ (ಸ್ಪ್ಯಾಮ್) ಕಳಿಸಿರ್ತದೆ. ಪಟ್ಟಿ ಮಾಡುವವರಿಗೆ ಕಾಣೋದು ಐಪಿ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಒಳ್ಳೇ ಕಂಪನಿಯಾದರೆ ಹೊರಗೆ ಹೋಗೋ ಮೇಲ್ ಮೇಲೂ ಕಣ್ಣಿಟ್ಟಿರ್ತದೆ. ಒಂದು ಖಾತೆಯಿಂದ ಗಂಟೆಗೆ ಇಷ್ಟೇ ಅಂತ ಮಿತಿ ಹಾಕಿ, ಮೀರಿದರೆ ಆ ಖಾತೆ ಒಂದನ್ನೇ ನಿಲ್ಲಿಸ್ತದೆ. ಹೆಚ್ಚಿನವರು ಒಳಗೆ ಬರೋ ಸ್ಪ್ಯಾಮ್ ತಡೆಯೋದರ ಬಗ್ಗೆ ಮಾತ್ರ ಜಾಹೀರಾತು ಹಾಕ್ತಾರೆ. ಹೊರಗೆ ಹೋಗೋದನ್ನು ನೋಡೋರೇ ಇಲ್ಲ.

ಕರಿಇಶಾಡ, ಅಂಕೋಲಾ

ಸರ್ವರ್ ಮನೆಯಲ್ಲೇ ಇಟ್ಟುಕೊಳ್ಳಿ. ನಾನು ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿ ಮಾಡಿದ್ದೆ. ಖರ್ಚು ಸೊನ್ನೆ.

ತಾರ್ಲೆ, ಕಾರವಾರ

‘ಮಾಡಿದ್ದೆ’ ಅಂತ ಬರೆದಿದ್ದೀರಿ. ಈಗ?

ಕರಿಇಶಾಡ, ಅಂಕೋಲಾ

ಈಗ ಇಲ್ಲ 😄 ಹೇಳ್ತೇನೆ ಕೇಳಿ. ಮೊದಲನೇದಾಗಿ, ಮನೆ ಲೈನಿನಲ್ಲಿ ನಮಗೆ ಸ್ವಂತ ಐಪಿ ವಿಳಾಸವೇ ಇರಲಿಲ್ಲ. 100.64ರಿಂದ ಶುರುವಾಗೋ ನಂಬರು ಕೊಟ್ಟಿದ್ದರು. ಅದು ಕಂಪನಿಯ ಒಳಗಿನ ವಿಳಾಸ, ಹೊರಗೆ ನೂರಾರು ಮನೆಗೆ ಒಂದೇ ಐಪಿ. ಆಮೇಲೆ ತಿಂಗಳಿಗೆ ಜಾಸ್ತಿ ದುಡ್ಡು ಕೊಟ್ಟು ಬದಲಾಗದ ಐಪಿ ತಗೊಂಡೆ. ಆಗ ಗೊತ್ತಾಯ್ತು, 25ನೇ ಪೋರ್ಟ್, ಅಂದರೆ ಮೇಲ್ ಹೊರಗೆ ಹೋಗೋ ಬಾಗಿಲು, ಬಂದ್. ಅದನ್ನೂ ಕಾಡಿ ಬೇಡಿ ತೆಗೆಸಿದೆ. ಆಮೇಲೆ ರಿವರ್ಸ್ ಡಿಎನ್‌ಎಸ್. ಡಿಎನ್‌ಎಸ್ ಅನ್ನೋದು ಹೆಸರಿಗೆ ಐಪಿ ಹೇಳೋ ಇಂಟರ್‌ನೆಟ್‌ನ ಪುಸ್ತಕ, ಇದು ಅದರ ಉಲ್ಟಾ. ಅಂದರೆ ಈ ಐಪಿ ಯಾರದು ಅಂತ ಯಾರಾದರೂ ಕೇಳಿದರೆ ಹೇಳೋ ಹೆಸರು. ಡೊಮೇನ್ ನನ್ನದಾದರೂ ಐಪಿ ಕಂಪನಿಯದು, ಹಾಗಾಗಿ ಆ ಹೆಸರನ್ನು ಅವರೇ ಬರೀಬೇಕು. ಸಪೋರ್ಟಿನ ಹುಡುಗಿ ‘ಸರ್, ಡಿಎನ್‌ಎಸ್ 8.8.8.8 ಹಾಕಿ ನೋಡಿ’ ಅಂದಳು. ಅದು ಹೆಸರು ಹುಡುಕೋ ಗೂಗಲ್‌ನ ಸರ್ವರ್, ನಾನು ಕೇಳಿದ್ದಕ್ಕೆ ಸಂಬಂಧವೇ ಇಲ್ಲ. ಒಂದು ತಿಂಗಳಲ್ಲಿ ಏಳು ಸಲ ಫೋನ್ ಮಾಡಿದೆ. ಏಳು ಸಲವೂ ರೌಟರ್ ಆಫ್ ಮಾಡಿ ಆನ್ ಮಾಡಿಸಿದರು.

ಕೇಬಲ್‌ತಮ್ಮ, ಹೊನ್ನಾವರ

ನಾನು ಆ ಕಡೆಯವನು. ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿ ಕೆಲಸ. ಸುಮ್ನೆ ಬೈಬೇಡಿ, ನಮ್ಮ ಕಷ್ಟವನ್ನೂ ಕೇಳಿ.

25ನೇ ಪೋರ್ಟ್ ಬಂದ್ ಮಾಡೋದು ತಪ್ಪಲ್ಲ. ಒಂದು ಅಂಗಡಿಯ ಸಿಸಿಟಿವಿ ಡಬ್ಬಿ ಹ್ಯಾಕ್ ಆಗಿತ್ತು. ಪಾಸ್‌ವರ್ಡ್ ಡಬ್ಬಿಯ ಜೊತೆ ಬಂದದ್ದೇ, ಬದಲಿಸಿರಲಿಲ್ಲ. ಕ್ಯಾಮರಾ ಹಗಲು ಗಲ್ಲಾಪೆಟ್ಟಿಗೆ ಕಾಯ್ತಿತ್ತು, ರಾತ್ರಿ ಔಷಧಿ ಜಾಹೀರಾತಿನ ಸ್ಪ್ಯಾಮ್ ಕಳಿಸ್ತಿತ್ತು. ಮಾಲೀಕರಿಗೆ ಹೇಳಿದರೆ ‘ಕ್ಯಾಮರಾ ಮೇಲ್ ಹೇಗೆ ಕಳಿಸ್ತದೆ ತಮ್ಮಾ?’ ಅಂತ ನನ್ನನ್ನೇ ನಗಾಡಿದರು. ಆ ಅಂಗಡಿಯ ಲೈನು ಹೊರಗೆ ಹೋಗ್ತಿದ್ದ ಐಪಿ ಕಪ್ಪುಪಟ್ಟಿಗೆ ಬಿತ್ತು. ಆ ಐಪಿ ಹಂಚಿಕೊಂಡಿದ್ದ ಎಲ್ಲ ಮನೆಯವರಿಗೂ ತೊಂದರೆ. ಮನೆ ಗ್ರಾಹಕರು 25ನ್ನು ಮುಟ್ಟುವ ಅಗತ್ಯವೇ ಇಲ್ಲ. ಅದು ಸರ್ವರಿನಿಂದ ಸರ್ವರಿಗೆ ಹೋಗೋ ದಾರಿ. ನಿಮಗೆ ಪಾಸ್‌ವರ್ಡ್ ಕೊಟ್ಟು ಹೋಗೋ 587 ಇದೆ, 465 ಇದೆ.

ತಾರ್ಲೆ, ಕಾರವಾರ

25 ಬಂದ್ ಮಾಡಿದ್ದಕ್ಕೆ ನನ್ನದೂ ಓಟು. ಆದರೆ ತಮ್ಮಾ, ನಮ್ಮ ಕಡೆ ಒಬ್ಬರು 587ನ್ನೂ ಸೇರಿಸಿ ಬಂದ್ ಮಾಡಿದ್ದರು. ಕೇಳಿದರೆ ‘ಎರಡೂ ಮೇಲಿನದ್ದೇ ಅಲ್ವಾ ಸರ್’. ಇದಕ್ಕೆ ಏನಂತೀರಿ?

ಇನ್ನೊಂದು ಕತೆ. ನಮ್ಮ ಆಫೀಸಿನ ಮೇಲ್ ಆಫೀಸಿನ ಲೈನಿನಿಂದ ಹೋಗ್ತಿತ್ತು. ಸಾಹೇಬರು ಮೊಬೈಲಿನಿಂದ ಕಳಿಸಿದರೆ ಹೋಗ್ತಿರಲಿಲ್ಲ. ಪಾಸ್‌ವರ್ಡ್ ಸರಿ, ಪೋರ್ಟ್ ಸರಿ. ಎರಡು ವಾರ ತಲೆ ಕೆಡಿಸಿಕೊಂಡೆ. ಕಡೆಗೆ ನೋಡಿದರೆ ಮೇಲ್ ಕಂಪನಿಯವರು ತಮ್ಮದೇ ಗ್ರಾಹಕರನ್ನೂ ಸ್ಪ್ಯಾಮ್‌ಹೌಸಿನ ಪಟ್ಟಿಗೆ ತೂಗಿ ನೋಡ್ತಿದ್ದರು. ಸ್ಪ್ಯಾಮ್‌ಹೌಸ್ 1998ರಿಂದ ಇರೋ, ಇಂಥ ಕಪ್ಪುಪಟ್ಟಿ ಮಾಡೋ ಸಂಸ್ಥೆ, ಅವರದು ಪಿಬಿಎಲ್ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಇರೋರು ಕಳ್ಳರಲ್ಲ. ಮನೆ ಲೈನು, ಮೊಬೈಲ್ ಲೈನು ಇವೆಲ್ಲ ನೇರ 25ಕ್ಕೆ ಮೇಲ್ ಕಳಿಸಬಾರದವು ಅಂತ ಗುರುತು ಅಷ್ಟೇ. ಎಷ್ಟೋ ಸಲ ಇಂಟರ್‌ನೆಟ್ ಕಂಪನಿಯವರೇ ಆ ಐಪಿಗಳನ್ನು ಅದರಲ್ಲಿ ಬರೆಸಿರ್ತಾರೆ. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರಿಗೆ ಅದನ್ನು ಹಚ್ಚಲೇಬಾರದು. ಮನೆ ಯಜಮಾನನನ್ನೇ ಬಾಗಿಲಲ್ಲಿ ನಿಲ್ಲಿಸಿ ‘ನೀವು ಈ ಮನೆಯವರಲ್ಲ’ ಅಂದ ಹಾಗಾಯ್ತು.

ಕೇಬಲ್‌ತಮ್ಮ, ಹೊನ್ನಾವರ

ಅದು ತಪ್ಪೇ. ಒಪ್ಪಿದೆ. 587ರದ್ದು ನಮ್ಮ ಕಂಪನಿ ಅಲ್ಲ ಅಂತ ಮಾತ್ರ ಹೇಳ್ತೇನೆ.

ಮದ್ದಳೆಗಾರ, ಯಲ್ಲಾಪುರ

ನಮ್ಮದೊಂದು ತಾಳಮದ್ದಳೆ ಕೂಟ ಇದೆ. ಬೆಂಗಳೂರಲ್ಲಿರೋ ಊರವರಿಗೆಲ್ಲ ಆಮಂತ್ರಣ ಮೇಲ್ ಮಾಡ್ತಿದ್ದೆ. ಒಬ್ಬರ ಆಫೀಸ್ ವಿಳಾಸಕ್ಕೆ ಮಾತ್ರ ಯಾವತ್ತೂ ಸಿಗ್ತಿರಲಿಲ್ಲ. ಕಡೆಗೆ ಅವರ ಆಫೀಸಿನ ಕಂಪ್ಯೂಟರ್ ವಿಭಾಗದವರು ಹೇಳಿದರಂತೆ, ಸ್ಪ್ಯಾಮ್ ಜರಡಿಯಲ್ಲಿ ಭಾಷೆ ಇಂಗ್ಲಿಷ್ ಮಾತ್ರ ಅಂತ ಇಟ್ಟಿದ್ದೇವೆ, ಉಳಿದ ಲಿಪಿಗೆಲ್ಲ ಅಂಕ ಜಾಸ್ತಿ ಬೀಳ್ತದೆ ಅಂತ. ಸ್ಪ್ಯಾಮ್‌ಅಸಾಸಿನ್ ಅನ್ನೋ ತಂತ್ರಾಂಶದಲ್ಲಿ ಹಾಗೆ ಇಡಲಿಕ್ಕೆ ಬರ್ತದೆ. ಕರ್ನಾಟಕದಲ್ಲಿ ಕೂತು ಕನ್ನಡಕ್ಕೇ ದಂಡ! ‘ಭೀಷ್ಮ ಪರ್ವ’ ಅಂತ ಬರೆದದ್ದು ಸ್ಪ್ಯಾಮು, ‘ಲಾಟರಿ ಗೆದ್ದಿದ್ದೀರಿ’ ಅಂತ ಇಂಗ್ಲಿಷಿನಲ್ಲಿ ಬಂದದ್ದು ಒಳಗೆ.

ಕೊಳೆಔಷಧಿ, ಸಿದ್ದಾಪುರ

ಭೀಷ್ಮ ಯಾರು? ಅರ್ಥಗಾರಿಕೆ ಯಾರದ್ದು ಈ ಸಲ?

ಮದ್ದಳೆಗಾರ, ಯಲ್ಲಾಪುರ

ಮೇಲ್ ಕಳಿಸ್ತೇನೆ, ಮುಟ್ಟಿದರೆ ಬನ್ನಿ.

ಬೆಟ್ಟದಹಾದಿ, ಶಿರಸಿ

ನನಗನಿಸೋದು ಇದೆಲ್ಲ ಕರೆಂಟಿನ ತೊಂದರೆ. ಮಳೆಗಾಲದಲ್ಲಿ ನಮ್ಮ ಕಡೆ ಮೂರು ದಿನ ಕರೆಂಟ್ ಇರೋಲ್ಲ. ಹೆದ್ದಾರಿ ಅಗೆದು ಫೈಬರ್ ಕತ್ತರಿಸ್ತಾರೆ. ಆ ಹೊತ್ತಿಗೆ ಬಂದ ಮೇಲ್ ಬಿದ್ದುಹೋಗ್ತದೆ.

ಹಳೇಮೋಡೆಮ್, ಕುಮಟಾ

ಇಲ್ಲ ಮಾರಾಯ್ರೆ. ಮೇಲ್ ಆ ವಿಷಯದಲ್ಲಿ ಬಹಳ ಗಟ್ಟಿ. ಮುಟ್ಟಿಸಬೇಕಾದ ಸರ್ವರ್ ಬಾಗಿಲು ತೆಗೆಯದಿದ್ದರೆ ಕಳಿಸುವ ಸರ್ವರ್ ಸುಮ್ಮನಾಗೋದಿಲ್ಲ. ಮತ್ತೆ ಮತ್ತೆ ಬಡಿಯುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಮಾಡಬೇಕು ಅಂತಲೇ ನಿಯಮ. ಆಮೇಲೂ ಆಗದಿದ್ದರೆ ‘ಆಗಲಿಲ್ಲ’ ಅಂತ ನಿಮಗೆ ತಿಳಿಸಬೇಕು. 1982ರಲ್ಲಿ ಮೇಲ್ ಸಾಗಿಸೋ ಪದ್ಧತಿಯನ್ನು ಬರೆದಿಟ್ಟ ಕಾಲದಲ್ಲಿ ಲೈನು ಕೈಕೊಡೋದು ಮಾಮೂಲಾಗಿತ್ತು. ಶಿರಸಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಈಗ ಮೇಡಂ ಕೇಳಿದ ಮುಖ್ಯ ಪ್ರಶ್ನೆಗೆ ಬರ್ತೇನೆ. ಮೂರು ಮೇಲ್ ಎಲ್ಲಿ ಹೋಯ್ತು ಅಂತ. ನಿಮ್ಮ ಕಂಪನಿಗೆ ಹೇಳಿ ಆ ದಿನದ ಲಾಗ್, ಅಂದರೆ ಸರ್ವರ್ ಬರೆದಿಡೋ ದಿನಚರಿ, ತೆಗೆಸಿ. ‘ಸರಿ ಇದೆ’ ಅನ್ನೋ ಮಾತು ಬೇಡ, ಲಾಗಿನ ಆ ಸಾಲೇ ಬೇಕು ಅನ್ನಿ.

ಅಪ್ಪೆಮಿಡಿ, ಶಿರಸಿ

ಎರಡು ದಿನ ಅವರ ಬೆನ್ನು ಬಿದ್ದು ತೆಗೆಸಿದೆ. ಕಾರವಾರದವರ ಮೂರೂ ಮೇಲಿನ ಎದುರು 250 ಅಂತ ಇದೆ, ಪಕ್ಕದಲ್ಲಿ ಒಕೆ. ಇದೇನು?

ಹಳೇಮೋಡೆಮ್, ಕುಮಟಾ

ಸಿಕ್ಕಿತು ಕಳ್ಳ.

250 ಅಂದರೆ ಎದುರಿನ ಸರ್ವರ್ ‘ನಿನ್ನ ಮೇಲ್ ನನ್ನ ಕೈಗೆ ಬಂತು, ಇನ್ನು ಇದರ ಜವಾಬ್ದಾರಿ ನನ್ನದು’ ಅಂತ ಒಪ್ಪಿಕೊಂಡದ್ದು. ಸುಮ್ನೆ ಹೇಳೋ ಒಕೆ ಅಲ್ಲ ಅದು. ಹಾಗೆ ಒಪ್ಪಿಕೊಂಡ ಮೇಲೆ ಕ್ಷುಲ್ಲಕ ಕಾರಣಕ್ಕೆ ಮೇಲ್ ಕಳೆಯಬಾರದು ಅಂತ 2008ರ ನಿಯಮದಲ್ಲೂ, ಆರ್‌ಎಫ್‌ಸಿ 5321ರಲ್ಲಿ, ಬರೆದಿದೆ. ಕಾರವಾರದವರ ಇಂಟರ್‌ನೆಟ್ ಕಂಪನಿ ಮೇಲ್ ತಗೊಂಡಿದೆ. ಆಮೇಲೆ ಒಳಗಿನ ಜರಡಿ ಇದು ಸ್ಪ್ಯಾಮ್ ಅಂದಿದೆ. ಸ್ಪ್ಯಾಮ್ ಡಬ್ಬಿಗಾದರೂ ಹಾಕಬೇಕಿತ್ತು. ಹಾಕದೆ ನೇರ ಅಳಿಸಿದ್ದಾರೆ.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿಗೆ ಒಂದು ಗಂಟು ಕೊಡಲಿಕ್ಕೆ ಹೋಗ್ತೀರಿ ಅಂತಿಟ್ಟುಕೊಳ್ಳಿ. ಕಂಡಕ್ಟರ್ ‘ಆಗೋಲ್ಲ’ ಅಂದರೆ ಬೇಜಾರಾಗ್ತದೆ, ಆದರೆ ಗಂಟು ನಿಮ್ಮ ಕೈಯಲ್ಲೇ ಇರ್ತದೆ. ಬೇರೆ ಬಸ್ಸು ನೋಡಬಹುದು. ಅವನು ‘ಕೊಡಿ ಅಕ್ಕಾ’ ಅಂತ ತಗೊಂಡು ದೇವಿಮನೆ ಘಟ್ಟದ ತಿರುವಿನಲ್ಲಿ ಹೊರಗೆ ಎಸೆದರೆ? ನೀವು ಕಳಿಸಿದೆ ಅಂತ ಕೂತಿರ್ತೀರಿ, ಅವರು ಬರಲಿಲ್ಲ ಅಂತ ಕೂತಿರ್ತಾರೆ. ಬೇಡ ಅಂದರೆ ಬಾಗಿಲಲ್ಲೇ ಹೇಳಬೇಕು. 550 ಕೊಟ್ಟು ಕಳಿಸಬೇಕು. ನಿಮಗೆ ಬಂದ ಆ 550ಗಳಿಗೆ ಬೈಬೇಡಿ ಮೇಡಂ, ಅವು ಮರ್ಯಾದಸ್ಥರ ಉತ್ತರ.

ಕರಿಇಶಾಡ, ಅಂಕೋಲಾ

ಒಳಗೆ ತಗೊಂಡ ಮೇಲೆ ಸ್ಪ್ಯಾಮ್ ಅಂತ ಗೊತ್ತಾದರೆ ಆಗಲೂ ವಾಪಸ್ ಕಳಿಸಬಹುದಲ್ಲ? ಅಳಿಸೋದು ಯಾಕೆ?

ತಾರ್ಲೆ, ಕಾರವಾರ

ಬೇಡವೇ ಬೇಡ! ಸ್ಪ್ಯಾಮಿನಲ್ಲಿ ಕಳಿಸಿದವರ ಹೆಸರು ಸುಳ್ಳಿರ್ತದೆ. ನಿಮ್ಮ ವಿಳಾಸ ಹಾಕಿ ಯಾರೋ ಕಳಿಸಿದ ಹತ್ತು ಸಾವಿರ ಸ್ಪ್ಯಾಮ್ ವಾಪಸ್ ಬಂದರೆ ನಿಮ್ಮ ಮನೆ ಬಾಗಿಲಿಗೇ ಬಂದು ಬೀಳ್ತದೆ. ನನಗೆ ಒಮ್ಮೆ ಒಂದೇ ರಾತ್ರಿ ಮೂರು ಸಾವಿರದ ಚಿಲ್ಲರೆ ಬಂದಿತ್ತು. ಹಾಗಾಗಿಯೇ ಬಾಗಿಲಲ್ಲೇ ನೋಡಿ ಹೇಳಬೇಕು ಅನ್ನೋದು. ತಗೊಂಡ ಮೇಲೆ ವಾಪಸ್ಸೂ ಇಲ್ಲ, ಅಳಿಸೋದೂ ಇಲ್ಲ, ಸ್ಪ್ಯಾಮ್ ಡಬ್ಬಿ ಒಂದೇ ದಾರಿ.

ಅಪ್ಪೆಮಿಡಿ, ಶಿರಸಿ

ಅರ್ಥ ಆಯ್ತು. ಆದರೂ ನನ್ನ ಮೇಲ್ ಅವರಿಗೆ ಸ್ಪ್ಯಾಮ್ ಥರ ಯಾಕೆ ಕಂಡಿತು? ‘ಮಧ್ಯಾಹ್ನ ತಂಬ್ಳಿ, ಅಪ್ಪೆಹುಳಿ, ಸಂಜೆ ತೊಡೆದೇವು’ ಅಂತ ಬರೆದದ್ದಷ್ಟೇ.

ತಾರ್ಲೆ, ಕಾರವಾರ

ನಿಮ್ಮ ಡೊಮೇನಿನ ಎಸ್‌ಪಿಎಫ್ ಸಾಲು ಒಮ್ಮೆ ನೋಡಬೇಕು. ಹೆಸರನ್ನು ನನಗೆ ಖಾಸಗಿಯಾಗಿ ಕಳಿಸಿ.

ತಾರ್ಲೆ, ಕಾರವಾರ

ನೋಡಿದೆ. ಅಕ್ಕಾ, ಎರಡು ಎಸ್‌ಪಿಎಫ್ ಇದೆ!

ಉಳಿದವರಿಗೆ ಹೇಳ್ತೇನೆ. ಈ ಡೊಮೇನ್ ಹೆಸರಲ್ಲಿ ಮೇಲ್ ಕಳಿಸುವ ಹಕ್ಕು ಯಾವ ಸರ್ವರ್‌ಗಳಿಗಿದೆ ಅಂತ ಡಿಎನ್‌ಎಸ್‌ನಲ್ಲಿ ಬರೆದಿಡೋ ಒಂದು ಸಾಲು ಎಸ್‌ಪಿಎಫ್. ಒಂದು ಡೊಮೇನಿಗೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, ತಪ್ಪು ಅಂತಲೇ ಉತ್ತರ ಬರ್ತದೆ.

ಅಪ್ಪೆಮಿಡಿ, ಶಿರಸಿ

ಅಯ್ಯೋ. ಬುಕಿಂಗ್ ಖಾತ್ರಿ ಮೇಲ್ ತಾನಾಗಿ ಹೋಗಲಿ ಅಂತ ಕಳೆದ ವರ್ಷ ಇನ್ನೊಂದು ಸೇವೆ ತಗೊಂಡಿದ್ದೆ. ‘ಈ ಸಾಲು ಸೇರಿಸಿ’ ಅಂತ ಮೇಲ್ ಕಂಪನಿಯ ಸಪೋರ್ಟಿನವರೇ ಹೇಳಿದ್ದು. ಸೇರಿಸಿದೆ. ಹಳೇದನ್ನು ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಾರ್ಲೆ, ಕಾರವಾರ

ಎರಡನ್ನೂ ಕೂಡಿಸಿ ಒಂದೇ ಸಾಲು ಮಾಡಿ. ಡಿಕಿಮ್ ಸಹಿಯನ್ನೂ (ಮೇಲ್ ನಿಮ್ಮ ಡೊಮೇನಿನದ್ದೇ ಅಂತ ತೋರಿಸೋ ಮುದ್ರೆ) ಆನ್ ಮಾಡಿಸಿ, ನಿಮ್ಮ ಕಂಪನಿಯ ಫಲಕದಲ್ಲಿ ಒಂದು ಗುಂಡಿ ಇದೆ, ಯಾರೂ ಒತ್ತಿಲ್ಲ ಅಷ್ಟೇ. ಆಮೇಲೆ ಡಿಮಾರ್ಕ್ ಸಾಲು ಒಂದು ಹಾಕಿ, ಈ ಪರೀಕ್ಷೆಗಳಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅಂತ ಎದುರಿನವರಿಗೆ ಹೇಳೋ ಸಾಲು ಅದು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ ಐದು ಸಾವಿರದ ಮೇಲೆ ಕಳಿಸೋರಿಗೆ ಮೂರೂ ಕಡ್ಡಾಯ. ನಿಮ್ಮಂಥವರಿಗೆ ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದಾದರೂ ಬೇಕು, ಸರ್ವರಿಗೆ ರಿವರ್ಸ್ ಡಿಎನ್‌ಎಸ್ ಬೇಕು.

ಕೇಬಲ್‌ತಮ್ಮ, ಹೊನ್ನಾವರ

ನೋಡಿ, ಬೈದದ್ದು ಇಂಟರ್‌ನೆಟ್ ಕಂಪನಿಗೆ, ತಪ್ಪು ಗ್ರಾಹಕರ ಡಿಎನ್‌ಎಸ್‌ನಲ್ಲಿ.

ಹಳೇಮೋಡೆಮ್, ಕುಮಟಾ

ತಮ್ಮಾ, ತಪ್ಪು ಸಾಲು ಬರೆಸಿದ್ದು ಒಂದು ಕಂಪನಿ. 250 ಅಂತ ಹೇಳಿ ಗುಟ್ಟಾಗಿ ಅಳಿಸಿದ್ದು ಇನ್ನೊಂದು. ಆ ಕಡೆಯವರು ಬಾಗಿಲಲ್ಲೇ ‘ಎಸ್‌ಪಿಎಫ್ ತಪ್ಪಿದೆ’ ಅಂತ ಹೇಳಿದ್ದರೆ ಇವರಿಗೆ ಮೊದಲ ದಿನವೇ ಗೊತ್ತಾಗ್ತಿತ್ತು. ಒಂಬತ್ತು ಜನರ ಬುಕಿಂಗ್ ಹೋದದ್ದು ಯಾವ ಸಾಲಿನಿಂದ ಅಂತ ನೀವೇ ಹೇಳಿ.

ಕರಿಇಶಾಡ, ಅಂಕೋಲಾ

ದೂರು ಕೊಡೋಣ ಅಂದರೆ ಅದಕ್ಕೂ ಕೊಕ್ಕೆ. ಪ್ರತಿ ಡೊಮೇನಿಗೂ ಪೋಸ್ಟ್‌ಮಾಸ್ಟರ್ ಅನ್ನೋ ವಿಳಾಸ ಇರಲೇಬೇಕು, ಸ್ಪ್ಯಾಮ್ ದೂರಿಗೆ ಅಬ್ಯೂಸ್ ಅನ್ನೋ ವಿಳಾಸ ಇರಬೇಕು. 1997ರಲ್ಲೇ ಬರೆದಿಟ್ಟ ಪದ್ಧತಿ. ನಾನೊಮ್ಮೆ ಒಂದು ಕಂಪನಿಯ ಅಬ್ಯೂಸ್ ವಿಳಾಸಕ್ಕೆ ಅವರಲ್ಲಿಂದ ಬಂದ ಸ್ಪ್ಯಾಮಿನ ಪ್ರತಿಯನ್ನೇ ಲಗತ್ತಿಸಿ ಕಳಿಸಿದೆ. ‘ನಿಮ್ಮ ಮೇಲಿನಲ್ಲಿ ಸ್ಪ್ಯಾಮ್ ಇದೆ’ ಅಂತ ವಾಪಸ್ ಬಂತು. ಇದೆ ಅಂತಲೇ ನಾನು ಬರೆದದ್ದು ಮಾರಾಯಾ!

ಮದ್ದಳೆಗಾರ, ಯಲ್ಲಾಪುರ

😂😂 ಪೊಲೀಸ್ ಸ್ಟೇಷನ್ನಿಗೆ ಕದ್ದ ಮಾಲು ಒಪ್ಪಿಸಲಿಕ್ಕೆ ಹೋದವನನ್ನೇ ಹಿಡಿದ ಹಾಗೆ.

ಬೆಟ್ಟದಹಾದಿ, ಶಿರಸಿ

ಇದಕ್ಕೆ ಕಾನೂನು ಇಲ್ವಾ? ಸ್ಪ್ಯಾಮ್ ಕಳಿಸೋರನ್ನು ಒಳಗೆ ಹಾಕಿದರೆ ಈ ಜರಡಿ ಗಿರಡಿ ಯಾವುದೂ ಬೇಕಾಗಿಲ್ಲ.

ಹಳೇಮೋಡೆಮ್, ಕುಮಟಾ

ಎಸ್ಸೆಮ್ಮೆಸ್, ಕರೆಗಳಿಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮ ಇದೆ, ದೂರು ಕೊಡಲಿಕ್ಕೆ 1909 ನಂಬರು ಇದೆ. ಸ್ಪ್ಯಾಮ್ ಮೇಲಿಗೆ ಅಂತಲೇ ಬೇರೆ ಕಾನೂನು ನಮ್ಮಲ್ಲಿಲ್ಲ. ಅಮೆರಿಕದವರು 2003ರಲ್ಲೇ ಮಾಡಿಕೊಂಡರು, ಸ್ಪ್ಯಾಮ್ ಏನೂ ನಿಲ್ಲಲಿಲ್ಲ ಬಿಡಿ. ನಮ್ಮ ಐಟಿ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡೋ ಮೇಲ್, ಎಲ್ಲಿಂದ ಬಂತು ಅಂತ ಸುಳ್ಳು ಹೇಳೋ ಮೇಲ್ ಬಗ್ಗೆ ಒಂದು ತುಂಡಿತ್ತು. ಆ ಕಲಮನ್ನೇ ಸುಪ್ರೀಂ ಕೋರ್ಟ್ 2015ರ ಮಾರ್ಚಿನಲ್ಲಿ ರದ್ದು ಮಾಡಿತು. ಮಾಡಿದ್ದು ಸರಿಯೇ. ಅದನ್ನು ಹೆಚ್ಚಾಗಿ ಬಳಸಿದ್ದು ಫೇಸ್‌ಬುಕ್ಕಿನಲ್ಲಿ ಬರೆದ ಪಾಪದವರ ಮೇಲೆ.

ಕೊಳೆಔಷಧಿ, ಸಿದ್ದಾಪುರ

ಈ ಸ್ಪ್ಯಾಮ್ ಯಾವಾಗ ಶುರುವಾದದ್ದು? ಜಿಮೇಲ್ ಬಂದ ಮೇಲಾ?

ಹಳೇಮೋಡೆಮ್, ಕುಮಟಾ

ಎಲ್ಲಿಯ ಜಿಮೇಲ್! 1978ರ ಮೇ ತಿಂಗಳಲ್ಲಿ. ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಅನ್ನೋರು ಹೊಸ ಕಂಪ್ಯೂಟರ್ ನೋಡಲಿಕ್ಕೆ ಬನ್ನಿ ಅಂತ ಇಂಟರ್‌ನೆಟ್‌ಗೆ ಮೊದಲಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು ನಾನೂರು ಜನಕ್ಕೆ ಒಟ್ಟಿಗೆ ಕಳಿಸಿದರು. ಆಗಲೂ ಜನ ಬೈದಿದ್ದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದೇ 1995ರ ಆಗಸ್ಟ್ 15ಕ್ಕೆ. ಹದಿನೇಳು ವರ್ಷ ಮೊದಲೇ ಸ್ಪ್ಯಾಮ್ ತಯಾರಾಗಿ ಕಾಯ್ತಾ ಇತ್ತು.

ಕೊಳೆಔಷಧಿ, ಸಿದ್ದಾಪುರ

ನಮ್ಮಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆದು ಮುಗಿಸೋ ಹೊತ್ತಿಗೆ ಕೊಳೆರೋಗ ಬಂದಿರ್ತದಲ್ಲ, ಹಾಗೆ. ಅಂದ ಹಾಗೆ ಶಿರಸಿಯಲ್ಲಿ ಇವತ್ತು ಚಾಲಿ ಎಷ್ಟು?

ತಾರ್ಲೆ, ಕಾರವಾರ

ಅಣ್ಣ, ಅಡಿಕೆಗೆ ಬೇರೆ ಎಳೆ ಇದೆ.

ಅಪ್ಪೆಮಿಡಿ ಅಕ್ಕನಿಗೆ ಇನ್ನೊಂದು ಮಾತು. ನಿಮ್ಮ ಡೊಮೇನಿಗೆ ಬರೋ ಮೇಲನ್ನೆಲ್ಲ ಜಿಮೇಲಿಗೆ ತಿರುಗಿಸಿದ್ದೀರಾ?

ಅಪ್ಪೆಮಿಡಿ, ಶಿರಸಿ

ಹೌದು, ಮೊಬೈಲಿನಲ್ಲಿ ನೋಡಲಿಕ್ಕೆ ಸುಲಭ ಅಂತ.

ತಾರ್ಲೆ, ಕಾರವಾರ

ಅದನ್ನು ಬಿಡಿ. ನಿಮಗೆ ಬಂದ ಸ್ಪ್ಯಾಮೂ ಅದರ ಜೊತೆ ಹೋಗ್ತದೆ. ಜಿಮೇಲಿಗೆ ಅದು ನಿಮ್ಮ ಕಂಪನಿಯ ಸರ್ವರೇ ಕಳಿಸಿದ ಸ್ಪ್ಯಾಮ್ ಥರ ಕಾಣ್ತದೆ. ಎಲ್ಲ ಗ್ರಾಹಕರೂ ಹಾಗೆ ಮಾಡಿದರೆ ಸರ್ವರಿನ ಹೆಸರು ಕೆಡ್ತದೆ. ಮೊಬೈಲಿನಲ್ಲಿ ನೇರ ಆ ಖಾತೆಯನ್ನೇ ಸೇರಿಸಿಕೊಳ್ಳಿ.

ಅಪ್ಪೆಮಿಡಿ, ಶಿರಸಿ

ಎಂಟು ದಿನ ಆದ ಮೇಲೆ ಬರೀತಿದ್ದೇನೆ. ಎಸ್‌ಪಿಎಫ್ ಒಂದೇ ಸಾಲು ಮಾಡಿದೆ. ಡಿಕಿಮ್ ಗುಂಡಿ ಒತ್ತಿದೆ. ಕಂಪನಿಯವರಿಗೆ ಆ 550 ಪ್ರತಿಯನ್ನು ಮೂರು ಸಲ ಕಳಿಸಿದ ಮೇಲೆ ಬೇರೆ ಸರ್ವರಿಗೆ ಹಾಕಿದರು. ಈಗ ಬೆಂಗಳೂರಿಗೆ ಹೋಗ್ತಿದೆ, ಜರ್ಮನಿಗೂ ಹೋಯ್ತು. ಕಾರವಾರದ ಅವರಿಗೆ ಪರೀಕ್ಷೆಗೆ ಅಂತ ಎರಡು ಕಳಿಸಿದೆ. ಒಂದು ಮುಟ್ಟಿತು, ಇನ್ನೊಂದರಲ್ಲಿ ರೂಮಿನ ಫೋಟೋ ಇತ್ತು, ಅದು ಮುಟ್ಟಲಿಲ್ಲ. ಲಾಗಿನಲ್ಲಿ ಎರಡಕ್ಕೂ 250. ಅವರ ಕಡೆ ದೂರು ಕೊಟ್ಟು ನಂಬರು ತಗೊಂಡಿದ್ದಾರಂತೆ. ನಾನು ಮೇಲ್ ಕಳಿಸಿ ಫೋನ್ ಮಾಡಿ ‘ಮೇಲ್ ಕಳಿಸಿದ್ದೇನೆ’ ಅಂತ ಹೇಳ್ತಿದ್ದೇನೆ. ಡಿಸೆಂಬರಿಗೆ ಬರ್ತಾರಂತೆ, ಈ ಸಲ ಹನ್ನೊಂದು ಜನ.

ಇನ್ನೊಂದು ಕೇಳಬೇಕಿತ್ತು. ಡಿಮಾರ್ಕ್ ಸಾಲು ಹಾಕಿದಾಗಿಂದ ದಿನಾ ಬೆಳಿಗ್ಗೆ ಗೊತ್ತಿಲ್ಲದ ವಿಳಾಸಗಳಿಂದ ಝಿಪ್ ಫೈಲ್ ಲಗತ್ತಿಸಿದ ಮೇಲ್ ಬರ್ತಿದೆ. ಇದೂ ಸ್ಪ್ಯಾಮೇ ಅಲ್ವಾ?

ತಾರ್ಲೆ, ಕಾರವಾರ

ಅಲ್ಲ ಅಕ್ಕಾ! ಅದು ಡಿಮಾರ್ಕ್ ವರದಿ. ನಿಮ್ಮ ಹೆಸರಲ್ಲಿ ಯಾವ ಐಪಿಯಿಂದ ಎಷ್ಟು ಮೇಲ್ ಬಂತು, ಪಾಸೋ ಫೇಲೋ ಅಂತ ಎದುರಿನ ಸರ್ವರುಗಳೇ ಲೆಕ್ಕ ಕೊಡ್ತಾವೆ. ನಾವು ಇಷ್ಟು ದಿನ ಕೇಳ್ತಿದ್ದದ್ದು ಅದೇ. ಒಂದನ್ನೂ ಅಳಿಸಬೇಡಿ.

ಅಪ್ಪೆಮಿಡಿ, ಶಿರಸಿ

ಎಲ್ಲ ಅಳಿಸಿ, ಸ್ಪ್ಯಾಮ್ ಅಂತ ಗುರುತೂ ಹಾಕಿಯಾಯ್ತು.